ಬಿಸಿನೀರಕ್ಕ ಕೊಳೆ ಬೇಡಿದ್ದು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಬಿಸಿನೀರಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರೇನೋ ಇತ್ತು, ಆದರೆ ಆ ಹೆಸರು ಹಿಡಿದು ಕೂಗಿದರೆ ಇನ್ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಯಾರು ಯಾವ ಗೋಳು ಹೊತ್ತು ಬಂದರೂ ಅವಳ ಮೊದಲ ಮಾತು ಒಂದೇ: "ಬಿಸಿನೀರಲ್ಲಿ ಕೈ ತೊಳ್ಕೊಂಡ್ ಬಾ, ಆಮೇಲೆ ಹೇಳು."

ಮೂವತ್ತೊಂದು ವರ್ಷ ಅವಳು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಪರೇಷನ್ನಿನ ಸಲಕರಣೆಗಳನ್ನು ಶುದ್ಧ ಮಾಡುವ ಕೋಣೆಯನ್ನು ಆಳಿದಳು. ಕತ್ತರಿ, ಚಿಮಟ, ಸೂಜಿ ಎಲ್ಲವನ್ನೂ ಉಜ್ಜಿ, ಹಸಿರು ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೊಂದು ಅಂಟುಪಟ್ಟಿ ಹಚ್ಚಿ ಹಬೆಯಂತ್ರದೊಳಗೆ ತಳ್ಳುವುದು. ಹಬೆಯಂತ್ರವೆಂದರೆ ಆಳೆತ್ತರದ ಕುಕ್ಕರ್ ಅಂದುಕೊಳ್ಳಿ. ಹಬೆ ಸರಿಯಾಗಿ ತಾಗಿದ್ದರೆ ಪಟ್ಟಿಯ ಮೇಲಿನ ಗೆರೆಗಳು ಕಪ್ಪಾಗುತ್ತವೆ. ಒಂದು ಗೆರೆ ಸ್ವಲ್ಪ ಕಂದಾಗಿ ಕಂಡರೂ ಬಿಸಿನೀರಕ್ಕ ಇಡೀ ಗಂಟನ್ನು ಮತ್ತೆ ಒಳಗೆ ತಳ್ಳುತ್ತಿದ್ದಳು. ಮೇಲೆ ದೊಡ್ಡ ಡಾಕ್ಟರು ಗ್ಲೌಸು ಹಾಕಿಕೊಂಡು ಕಾಯುತ್ತಿದ್ದರೂ ಅಷ್ಟೇ, ಕಾಯಲಿ ಬಿಡಿ ಎನ್ನುತ್ತಿದ್ದಳು.

ಮನೆಯಲ್ಲೂ ಇದೇ ರಾಜ್ಯಭಾರ. ಚಮಚ ಕುದಿಸುವುದು, ಬಾಗಿಲ ಹಿಡಿ ಒರೆಸುವುದು, ತರಕಾರಿಯನ್ನು ಮೂರು ನೀರಿನಲ್ಲಿ ಜಾಲಿಸುವುದು. "ನಮ್ಮನೆ ಸೊಳ್ಳೆ ಕೂಡ ಕೈ ತೊಳ್ಕೊಂಡೇ ಕಚ್ಚೋದು" ಎಂದು ಗಂಡ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಅವನು ಲಿಫ್ಟ್ ರಿಪೇರಿಯವನು. ವಯಸ್ಸು ಅರವತ್ತು ದಾಟಿದ್ದರೂ ಹಳೇ ಕಾಲದ ಲಿಫ್ಟುಗಳ ಹುಳುಕು ಬಲ್ಲವನು ಬೇರೆ ಇಲ್ಲವೆಂದು ಕಂಪನಿಯವರು ಅವನನ್ನು ಬಿಟ್ಟಿರಲಿಲ್ಲ.

ಇಂಥ ಮನೆಯಲ್ಲಿ ಅವಳ ಆಳ್ವಿಕೆಗೆ ಒಳಪಡದ ಜಾಗವೆಂದರೆ ಒಂದೇ ಒಂದು, ನಡುಮನೆಯ ಗೋಡೆಗೆ ಒತ್ತಿಕೊಂಡಿದ್ದ ಮೂರಡಿಯ ಮೀನಿನ ತೊಟ್ಟಿ. ಅದು ಗಂಡನದು. ಒಳಗೆ ರಿಬ್ಬನ್ನಿನಂತೆ ಉದ್ದ ಎಲೆಯ ಗಿಡಗಳು, ಒಂದು ಮರದ ಬೊಡ್ಡೆ, ಬೊಡ್ಡೆಯ ಮೈಗೆ ಹಸಿರು ಪಾಚಿ. ಆರು ಪುಟ್ಟ ಪಟ್ಟೆಮೀನುಗಳು, ತಳದಲ್ಲಿ ಸದಾ ಗಸ್ತು ತಿರುಗುವ ಮೀಸೆಯ ಮೀನೊಂದು. ಅದಕ್ಕೆ ವಾಚ್‌ಮನ್ ಎಂದು ಹೆಸರು. ಎಲ್ಲಕ್ಕಿಂತ ದೊಡ್ಡದು ಅಗಲ ರೆಕ್ಕೆಯ ಬಿಳಿ ಏಂಜಲ್ ಮೀನು. ಕೈಕಟ್ಟಿಕೊಂಡು ಪರೀಕ್ಷೆಯ ಕೋಣೆಯಲ್ಲಿ ಓಡಾಡುವವರ ಠೀವಿ ಅದಕ್ಕೆ. ಹಾಗಾಗಿ ಅದು ಮೇಷ್ಟ್ರು. ಮೇಷ್ಟ್ರಿಗೆ ಒಂಬತ್ತು ವರ್ಷ. ಮೀನಿನ ಲೆಕ್ಕದಲ್ಲಿ ಹಣ್ಣು ಹಣ್ಣು ಮುದುಕ. ಕೆಲಸದಿಂದ ಬಂದ ಗಂಡ ದಿನಾ ಅರ್ಧ ಗಂಟೆ ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂರುತ್ತಿದ್ದ. ಬಾ ಕೂತ್ಕೋ ಎಂದು ಎಷ್ಟೋ ಸಲ ಕರೆದಿದ್ದ. "ಆ ಕೊಳೆನೀರು ನೋಡೋಕೆ ನಾನ್ಯಾಕೆ ಬರ್ಲಿ" ಎಂದು ಅವಳು ಅಡುಗೆಮನೆಯಿಂದಲೇ ಮೂಗು ಮುರಿಯುತ್ತಿದ್ದಳು.

ಈಗ ಅವಳು ನಿವೃತ್ತಳಾಗಿ ಎರಡು ತಿಂಗಳಾಗಿತ್ತು. ಮೊದಲ ವಾರ ಮನೆಯ ಪಾತ್ರೆಗಳೆಲ್ಲ ಕನ್ನಡಿಯಾದವು. ಎರಡನೆಯ ವಾರ ಕಪಾಟುಗಳಾದವು. ಮೂರನೆಯ ವಾರದಿಂದ ಮಾಡಲು ಏನೂ ಉಳಿಯಲಿಲ್ಲ. ಬೆಳಿಗ್ಗೆ ಏಳೂಮುಕ್ಕಾಲಿಗೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತಿತ್ತು. ಹಾಕಿಕೊಂಡ ಮೇಲೆ ಹೋಗುವುದೆಲ್ಲಿಗೆ ಎಂದು ನೆನಪಾಗಿ ಕಿಟಕಿಯ ಪಕ್ಕ ಕೂತುಬಿಡುತ್ತಿದ್ದಳು. ತನ್ನಿಂದ ಇನ್ನು ಯಾರಿಗೂ ಏನೂ ಆಗಬೇಕಾಗಿಲ್ಲ ಎಂಬ ದುಃಖ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಮಾತೂ ಕಡಿಮೆಯಾಗಿತ್ತು. ಗಂಡ ಏನು ಕೇಳಿದರೂ ಹೂಂ, ಉಹೂಂ ಅಷ್ಟೇ.

ಅಂಥ ಹೊತ್ತಿನಲ್ಲಿ ಕಂಪನಿಯವರು ಅವನನ್ನು ಬೇರೆ ಊರಿನ ಒಂದು ಎತ್ತರದ ಕಟ್ಟಡಕ್ಕೆ ಇಪ್ಪತ್ತು ದಿನದ ಮಟ್ಟಿಗೆ ಕಳಿಸಿದರು. ಹೊರಡುವ ಮುಂಚೆ ಅವನು ಅವಳನ್ನು ತೊಟ್ಟಿಯ ಮುಂದೆ ನಿಲ್ಲಿಸಿ ಹೇಳಿದ:

"ನೋಡು, ದಿನಕ್ಕೊಂದು ಸಲ ಒಂದು ಚಿಟಿಕೆ ಆಹಾರ. ನೀರು ಕಮ್ಮಿ ಆದ್ರೆ ಬಕೆಟ್ಟಲ್ಲಿ ಒಂದಿನ ಇಟ್ಟ ನೀರು ಸೇರ್ಸು. ಬೇರೆ ಏನೂ ಮಾಡ್ಬೇಡ."

"ಇಷ್ಟೇನಾ? ಇದನ್ನೇನು ಮಗು ಕೂಡ ಮಾಡುತ್ತೆ."

"ಮಗು ಮಾಡುತ್ತೆ. ನೀನು ಸುಮ್ನಿರ್ತೀಯಾ ಅನ್ನೋದೇ ಡೌಟು" ಎಂದು ಅವನು ಟೂಲ್‌ಬಾಕ್ಸ್ ಎತ್ತಿಕೊಂಡು ಹೋದ.

ಎರಡು ದಿನ ಅವಳು ಸುಮ್ಮನಿದ್ದಳು, ಸುಳ್ಳು ಹೇಳಬಾರದು. ಮೂರನೆಯ ದಿನ ಚಿಟಿಕೆ ಹಾಕುವಾಗ ಗಾಜಿನ ಮೂಲೆಯಲ್ಲಿ ಕಂದು ಬಣ್ಣದ ಲೋಳೆ ಕಣ್ಣಿಗೆ ಬಿತ್ತು. ಬೆರಳಿನಿಂದ ಗೀರಿದಳು. ಗೀರಿದ ಜಾಗ ಫಳಫಳ ಹೊಳೆಯಿತು. ಅಷ್ಟು ಸಾಕಾಯಿತು. ಗಂಡ ಬಂದು ನೋಡಿ ಮೂಗಿನ ಮೇಲೆ ಬೆರಳಿಡಬೇಕು ಎಂದು ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಅವತ್ತಿಡೀ ನೀರು ಕುದಿಸಿ ಆರಿಸಿದಳು, ಎಂಟು ಬಕೆಟ್. ಮಾರನೇ ದಿನ ಮೀನುಗಳನ್ನು ತೊಟ್ಟಿಯದೇ ನೀರಿದ್ದ ಬಕೆಟ್ಟಿಗೆ ಹಾಕಿ, ಉಳಿದದ್ದನ್ನೆಲ್ಲ ಹೊರಗೆ ಚೆಲ್ಲಿದಳು. ತಳದ ಜಲ್ಲಿಯನ್ನು ದೊಡ್ಡ ಪಾತ್ರೆಯಲ್ಲಿ ನಾಲ್ಕು ಕಂತಿನಲ್ಲಿ ಕುದಿಸಿದಳು. ಬೊಡ್ಡೆಯ ಪಾಚಿಯನ್ನು ಬ್ರಷ್ಷಿನಿಂದ ಕೆರೆದು ಬೊಡ್ಡೆಯನ್ನೂ ಕುದಿಸಿದಳು. ಗಿಡಗಳನ್ನು ಕ್ರಿಮಿ ಕೊಲ್ಲುವ ಪರ್ಮಾಂಗನೇಟ್ ಬೆರೆಸಿದ ಗುಲಾಬಿ ಬಣ್ಣದ ನೀರಿನಲ್ಲಿ ಅದ್ದಿ ತೆಗೆದಳು. ಫಿಲ್ಟರ್ ಬಿಚ್ಚಿದಾಗ ಒಳಗಿನ ಸ್ಪಾಂಜಿನಿಂದ ಇಳಿದ ಕಪ್ಪು ರಾಡಿ ನೋಡಿ ಅವಳಿಗೆ ತಲೆ ಸುತ್ತು ಬರುವುದೊಂದು ಬಾಕಿ. "ಅಯ್ಯೋ, ಇಷ್ಟು ವರ್ಷ ಇದನ್ನ ಮನೇಲಿಟ್ಕೊಂಡು ಊಟ ಮಾಡಿದ್ವಲ್ಲ!" ಎಂದು ಗೋಡೆಗೆ ಹೇಳಿ, ಸ್ಪಾಂಜನ್ನು ಇಪ್ಪತ್ತು ನಿಮಿಷ ಕೊತಕೊತ ಕುದಿಸಿದಳು. ಗಡಿಯಾರ ನೋಡಿಕೊಂಡೇ ಕುದಿಸಿದಳು.

ಸಂಜೆ ಎಲ್ಲ ಜೋಡಿಸಿ ಮೀನು ಬಿಡುವ ಹೊತ್ತಿಗೆ, ತೊಟ್ಟಿಯಲ್ಲಿ ನೀರಿದೆಯೋ ಇಲ್ಲವೋ ಎನ್ನುವಷ್ಟು ಎಲ್ಲ ತಿಳಿಯಾಗಿತ್ತು. ಮೇಷ್ಟ್ರು ಗಾಳಿಯಲ್ಲಿ ತೇಲಿದಂತೆ ಕಾಣುತ್ತಿದ್ದರು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅವಳ ಸೊಂಟ ನೋಯುತ್ತಿತ್ತು, ಮತ್ತು ಮೊದಲ ಬಾರಿಗೆ ಅವಳು ಖುಷಿಯಾಗಿದ್ದಳು.

ಖುಷಿ ಮೂರು ದಿನ ಬಾಳಿತು. ನಾಲ್ಕನೆಯ ಬೆಳಿಗ್ಗೆ ಪಟ್ಟೆಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದವು. ವಾಚ್‌ಮನ್ ಗಸ್ತು ಬಿಟ್ಟು ಮೂಲೆಯಲ್ಲಿ ಬಿದ್ದಿದ್ದ. ಮೇಷ್ಟ್ರ ರೆಕ್ಕೆಗಳು ಮೈಗೆ ಅಂಟಿಕೊಂಡಿದ್ದವು. ಆಹಾರ ಹಾಕಿದರೆ ತಿರುಗಿ ನೋಡಲಿಲ್ಲ. ಸಂಜೆ ಗಂಡನ ಫೋನು ಬಂತು.

"ಹೇಗಿವೆ ನಮ್ಮೋರು?"

"ಚೆನ್ನಾಗಿವೆ."

ಮೂವತ್ತೊಂದು ವರ್ಷದಲ್ಲಿ ಒಂದು ತಪ್ಪು ಗೆರೆಯನ್ನೂ ಮುಚ್ಚಿಡದವಳು ಸಲೀಸಾಗಿ ಸುಳ್ಳು ಹೇಳಿಬಿಟ್ಟಳು. ಫೋನಿಟ್ಟ ಮೇಲೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಮರುದಿನವೂ "ಚೆನ್ನಾಗಿವೆ" ಎಂದಳು. ಅದರ ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಒಂದು ಪಟ್ಟೆಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ನೀರಿನಲ್ಲಿ ಇನ್ನೂ ಯಾವುದೋ ಕ್ರಿಮಿ ಉಳಿದಿದೆ ಎಂದೇ ಅವಳ ತೀರ್ಮಾನ. ಕುದಿಸಿ ಆರಿಸಿದ ಬಾಟಲಿಯಲ್ಲಿ ತೊಟ್ಟಿಯ ನೀರು ತುಂಬಿಕೊಂಡು ನೇರ ಆಸ್ಪತ್ರೆಗೆ ನಡೆದಳು. ಲ್ಯಾಬಿನಲ್ಲಿ ಅವಳ ಹಳೆಯ ಗೆಳತಿಯಿದ್ದಳು. ಇಪ್ಪತ್ತು ವರ್ಷ ಮಧ್ಯಾಹ್ನದ ಡಬ್ಬಿ ಹಂಚಿಕೊಂಡವಳು, ನಾಲಿಗೆ ಮಾತ್ರ ಸ್ವಲ್ಪ ಉದ್ದ. ಅವಳು ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಇನ್ನೊಂದಿಷ್ಟನ್ನು ಗಾಜಿನ ಕೊಳವೆಗೆ ಹಾಕಿ ಯಾವುದೋ ದ್ರಾವಣದ ಹನಿಗಳನ್ನು ಬಿಟ್ಟಳು. ನೀರು ಹಳದಿಯಾಗಿ, ನೋಡನೋಡುತ್ತ ಗಾಢ ಹಸಿರಾಯಿತು.

"ಕಂಗ್ರಾಜುಲೇಷನ್ಸ್ ಕಣೇ. ಇಷ್ಟು ಕ್ಲೀನ್ ನೀರು ನಮ್ಮ ಆಪರೇಷನ್ ಥಿಯೇಟರಲ್ಲೂ ಇಲ್ಲ."

"ಮತ್ತೆ ಮೀನ್ಯಾಕೆ ಸಾಯ್ತಿವೆ?"

"ಅದಕ್ಕೇ ಸಾಯ್ತಿವೆ. ಮೀನು ಅಲ್ಲೇ ತಿಂದು ಅಲ್ಲೇ ಹೇಲ್ತವೆ. ಅದು ಅಮೋನಿಯಾ ಆಗುತ್ತೆ, ಈ ಹಸಿರು ಅದೇ. ಅದನ್ನ ತಿಂದು ಅರಗ್ಸೋ ಒಳ್ಳೇ ಕ್ರಿಮಿಗಳು ಆ ಸ್ಪಾಂಜಲ್ಲಿ, ಜಲ್ಲೀಲಿ ಮನೆ ಮಾಡ್ಕೊಂಡಿರ್ತವೆ. ವರ್ಷಗಟ್ಲೆ ಬೆಳೆದಿರ್ತವೆ. ಸ್ಪಾಂಜ್ ಏನ್ ಮಾಡ್ದೆ?"

ಬಿಸಿನೀರಕ್ಕ ಬಾಟಲಿಯ ಮುಚ್ಚಳ ತಿರುಗಿಸತೊಡಗಿದಳು. ಗೆಳತಿ ಅವಳ ಮುಖ ನೋಡಿದಳು.

"ಕುದಿಸ್ದಾ?"

"ಇಪ್ಪತ್ತು ನಿಮಿಷ."

ಗೆಳತಿ ನಕ್ಕ ನಗೆಗೆ ಪಕ್ಕದ ಕೋಣೆಯವರು ಇಣುಕಿದರು. ನಕ್ಕು ಕಣ್ಣೊರೆಸಿಕೊಂಡು ಅವಳು ಉಪಾಯವನ್ನೂ ಹೇಳಿದಳು. ದಿನಾ ಕಾಲು ಭಾಗ ನೀರು ಬದಲಿಸಬೇಕು, ಆಹಾರ ನಿಲ್ಲಿಸಬೇಕು, ಗಾಳಿ ಜಾಸ್ತಿ ಆಡಿಸಬೇಕು. ಆದರೆ ಆ ಕ್ರಿಮಿಗಳು ತಾವಾಗಿ ಬೆಳೆಯಲು ತಿಂಗಳು ಬೇಕು, ಮುದಿ ಮೀನು ಅಲ್ಲಿವರೆಗೆ ತಡೆಯುವುದಿಲ್ಲ. ಬೇರೆ ಯಾರದಾದರೂ ಹಳೆಯ, ಗಲೀಜಾದ ತೊಟ್ಟಿಯ ಸ್ಪಾಂಜು ತಂದು ಹಾಕಿದರೆ ಉಳಿದಾವು. "ಎಷ್ಟು ಗಲೀಜೋ ಅಷ್ಟು ಒಳ್ಳೇದು. ನಿಮ್ಮ ಬೀದೀಲಿ ಯಾರತ್ರಾದ್ರೂ ಇದ್ಯಾ?"

ಇತ್ತು. ಅದೇ ಕಷ್ಟ.

ಅವಳ ಮನೆಯಿಂದ ಐದನೆಯ ಬಾಗಿಲಿನಲ್ಲಿ ಒಂದು ಸಲೂನು. ಅದರ ಕನ್ನಡಿಯ ಕೆಳಗೆ ಹಸಿರುಗಟ್ಟಿದ ಮೀನಿನ ತೊಟ್ಟಿಯೊಂದು ಯಾವ ಕಾಲದಿಂದಲೋ ಇತ್ತು. ಸಲೂನಿನವನು ಹಿಂದೆ ಆಪರೇಷನ್ನಿಗೆ ಮುಂಚೆ ರೋಗಿಗಳ ಮೈಗೂದಲು ತೆಗೆಯಲು ಆಸ್ಪತ್ರೆಗೆ ಬರುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ದಿನ ಬಿಸಿನೀರಕ್ಕ ಅವನ ಪೆಟ್ಟಿಗೆಯನ್ನು ಹತ್ತು ಜನರ ಮುಂದೆ ಬಿಚ್ಚಿಸಿ, ಕತ್ತರಿಯನ್ನು ಬೆಳಕಿಗೆ ಹಿಡಿದು, ಮೂರು ಸಲ ತೊಳೆಸಿದ್ದಳು. ಮೂರನೆಯ ಸಲವೂ ಸಾಲದೆಂದು ವಾಪಸ್ ಕಳಿಸಿದ್ದಳು. ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಅವಳಂತೂ ಆ ಅಂಗಡಿಯ ಮುಂದೆ ಹಾಯುವಾಗ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದಳು, ಅವನಿಗೆ ಕಾಣಲಿ ಎಂದೇ.

ಲ್ಯಾಬಿನಿಂದ ಬಂದವಳು ಆ ಬಾಗಿಲಿನ ಮುಂದೆ ಎರಡು ಸಲ ಹಾದಳು. ಮೂರನೆಯ ಸಲ ಮೇಷ್ಟ್ರ ಮುದುಡಿದ ರೆಕ್ಕೆ ಕಣ್ಣ ಮುಂದೆ ಬಂದು ಒಳಗೆ ಕಾಲಿಟ್ಟಳು. ಕುರ್ಚಿಯಲ್ಲಿ ಗಿರಾಕಿಯೊಬ್ಬ ಅರ್ಧ ಗಡ್ಡದಲ್ಲಿದ್ದ. ಸಲೂನಿನವನ ಕೈಯ ಕತ್ತಿ ಗಾಳಿಯಲ್ಲೇ ನಿಂತಿತು.

"ಏನಕ್ಕಾ, ಇನ್‌ಸ್ಪೆಕ್ಷನ್ನಾ? ರಿಟೈರ್ ಆದ್ರಿ ಅಂತ ಕೇಳ್ದೆ."

"ಅಲ್ಲಪ್ಪ." ಅವಳು ಕನ್ನಡಿಯ ಕೆಳಗೆ ಬೆರಳು ತೋರಿಸಿದಳು. "ನನಗೆ ನಿನ್ನ ತೊಟ್ಟಿಯಿಂದ ಸ್ವಲ್ಪ ಕೊಳೆ ಬೇಕಿತ್ತು."

"ಏನ್ ಬೇಕಿತ್ತು?"

"ಕೊಳೆ."

ಅರ್ಧ ಗಡ್ಡದವನು ಕನ್ನಡಿಯಲ್ಲೇ ಅವಳನ್ನು ನೋಡಿದ. ಅವಳು ಉಸಿರೆಳೆದುಕೊಂಡು ಎಲ್ಲವನ್ನೂ ಹೇಳಿದಳು. ಎಂಟು ಬಕೆಟ್, ನಾಲ್ಕು ಕಂತಿನ ಜಲ್ಲಿ, ಇಪ್ಪತ್ತು ನಿಮಿಷ, ಸತ್ತ ಪಟ್ಟೆಮೀನು, ಗಂಡನಿಗೆ ಹೇಳಿದ ಸುಳ್ಳು. ನಗುತ್ತಾನೆ ಎಂದುಕೊಂಡಿದ್ದಳು. ಅವನು ನಗಲಿಲ್ಲ. ಮೀನು ಸಾಕಿದವನಿಗೆ ಮೀನು ಬಾಯಿ ಬಡಿಯುವುದೆಂದರೆ ನಗುವ ವಿಷಯವಲ್ಲ. ಕತ್ತಿ ಕೆಳಗಿಟ್ಟು, "ಅಣ್ಣಾ, ಐದು ನಿಮಿಷ, ಎಮರ್ಜೆನ್ಸಿ" ಎಂದು ಗಿರಾಕಿಗೆ ಹೇಳಿ, ತೊಟ್ಟಿಯ ಮುಂದೆ ಮಂಡಿಯೂರಿದ.

ಅವನು ಫಿಲ್ಟರಿನಿಂದ ಎತ್ತಿದ ಸ್ಪಾಂಜು ಕಪ್ಪಗೆ, ಲೋಳೆಲೋಳೆಯಾಗಿ, ಮಳೆಯಲ್ಲಿ ನೆಂದ ಮಣ್ಣಿನ ವಾಸನೆ ಹೊಡೆಯುತ್ತಿತ್ತು. ಕತ್ತರಿಯಿಂದ ಅರ್ಧ ಕತ್ತರಿಸಿ, ತೊಟ್ಟಿಯದೇ ನೀರು ತುಂಬಿದ ಡಬ್ಬಿಗೆ ಹಾಕಿದ. ಬೇಗ ಬೆಳೆದು ಕೊಳೆ ಹೀರುತ್ತದೆಂದು ಒಂದು ಹಿಡಿ ತೇಲುವ ಗಿಡವನ್ನೂ ಸೇರಿಸಿದ. ಉಳಿದರ್ಧ ಸ್ಪಾಂಜನ್ನು ಅವಳ ಕಡೆ ಚಾಚಿದ.

"ಇದರ ರಸಾನೂ ತಗೊಂಡ್ಹೋಗಿ. ಡಬ್ಬಿಗೆ ಹಿಂಡಿ."

ಅವಳು ಚೀಲದಿಂದ ಗ್ಲೌಸು ತೆಗೆದಳು.

"ಗ್ಲೌಸ್ ಬೇಡಕ್ಕಾ. ಅದರ ಪೌಡರ್ ನೀರಿಗೆ ಹೋಗುತ್ತೆ. ಬರಿಗೈಲಿ."

ಬಿಸಿನೀರಕ್ಕ ಕಣ್ಣುಮುಚ್ಚಿ ಬರಿಗೈಯಲ್ಲಿ ಹಿಂಡಿದಳು. ಕಪ್ಪು ರಾಡಿ ಬೆರಳ ಸಂದಿಯಿಂದ ಇಳಿಯಿತು. ಅವನು ಡಬ್ಬಿಯೊಳಗೆ ಬಗ್ಗಿ ನೋಡಿ ತಲೆಯಾಡಿಸಿದ.

"ಸಾಲ್ದು. ಇನ್ನೊಂದ್ಸಲ."

ಹಿಂಡಿದಳು.

"ಮೂರ್ ಸಲ ಆಗ್ಬೇಕಕ್ಕಾ. ನಾನೆಲ್ಲೋ ಕಲ್ತಿದ್ದು."

ಅವಳು ತಲೆಯೆತ್ತಿದಳು. ಅವನ ಮುಖ ಗಂಭೀರವಾಗಿತ್ತು, ಮೀಸೆ ಮಾತ್ರ ಅಲುಗುತ್ತಿತ್ತು. ಅವತ್ತು ಹತ್ತು ಜನರ ಮುಂದೆ ಇವನಿಗೆ ಹೇಗಾಗಿರಬೇಕು ಎಂದು ಅವಳಿಗೆ ಹನ್ನೊಂದು ವರ್ಷದ ಮೇಲೆ ಹೊಳೆಯಿತು. ಮೂರನೆಯ ಸಲ ಹಿಂಡಿ, "ಅವತ್ತು ಬಾಗಿಲು ಹಾಕ್ಕೊಂಡು ಹೇಳ್ಬಹುದಿತ್ತು ನಾನು" ಎಂದಳು.

"ಹೇಳ್ಬಹುದಿತ್ತು" ಎಂದ ಅವನು. "ಆದ್ರೆ ಕತ್ತರಿ ಗಲೀಜಾಗೇ ಇತ್ತು ಬಿಡಿ. ಓಡಿ ಈಗ, ಅದು ಒಣಗಬಾರ್ದು."

ಓಡುವ ವಯಸ್ಸಲ್ಲ, ಆದರೂ ಬೀದಿಯವರೆಲ್ಲ ನೋಡುವಂತೆ ಅವಳು ಓಡಿದಳು.

ಆಮೇಲಿನ ದಿನಗಳು ಅವಳ ಹಳೆಯ ದಿನಗಳಂತಿದ್ದವು. ಬೆಳಿಗ್ಗೆ ಏಳೂಮುಕ್ಕಾಲಿಗೆ ಡ್ಯೂಟಿ ಶುರು. ಕಾಲು ಭಾಗ ನೀರು ತೆಗೆಯುವುದು, ಹಿಂದಿನ ದಿನ ಹಿಡಿದಿಟ್ಟ ನೀರು ನಿಧಾನ ಸುರಿಯುವುದು, ಕೊಳೆತ ಎಲೆ ಕತ್ತರಿಸುವುದು. ಪರ್ಮಾಂಗನೇಟ್ ಸ್ನಾನ ತಾಳದೆ ರಿಬ್ಬನ್ ಗಿಡದ ಎಲೆಗಳು ಅರ್ಧಕ್ಕರ್ಧ ಕರಗಿಹೋಗಿದ್ದವು. ಒಂದು ಹಲಗೆಗೆ ಹಾಳೆ ಸಿಕ್ಕಿಸಿ, ಮೇಷ್ಟ್ರು ನಿಮಿಷಕ್ಕೆ ಎಷ್ಟು ಸಲ ಕಿವಿರು ಆಡಿಸುತ್ತಾರೆಂದು ಗಂಟೆಗೊಮ್ಮೆ ಎಣಿಸಿ ಬರೆದಳು. ಅದಕ್ಕಾಗಿ ಗಂಡನ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆಯೇ ಕೂತಳು. ಊಟವೂ ಅಲ್ಲೇ ಆಯಿತು. ಇದನ್ನು ಅವಳ ಬಾಯಿಂದ ಯಾರೂ ಹೊರಡಿಸಲಾರರು, ಆದರೆ ಆಯಿತು.

ಸಂಜೆಯ ಫೋನಿನಲ್ಲಿ ಅವಳು ಈಗ ಪ್ರಶ್ನೆ ಕೇಳತೊಡಗಿದಳು.

"ರೀ, ಇನ್ನೊಂದು ಏರ್ ಪಂಪ್ ಇತ್ತಲ್ಲ, ಎಲ್ಲಿಟ್ಟಿದ್ದೀರಾ?"

"ಅಟ್ಟದ ಮೇಲೆ, ನೀಲಿ ಪೆಟ್ಟಿಗೇಲಿ. ಯಾಕೆ?"

"ಸುಮ್ನೆ ಕೇಳ್ದೆ."

"ಸರಿ" ಎಂದ ಗಂಡ. ಮತ್ತೇನೂ ಕೇಳಲಿಲ್ಲ. ಮರುದಿನ, ಮೇಷ್ಟ್ರು ಎಷ್ಟು ದಿನ ಊಟ ಬಿಟ್ಟು ಇರಬಲ್ಲರು ಎಂದು ವಿಚಾರಿಸಿದಳು, ಅದನ್ನೂ ಸುಮ್ಮನೆ. ಅವನು ಸಮಾಧಾನವಾಗಿ, ಹತ್ತು ದಿನವಾದರೂ ಪರವಾಗಿಲ್ಲ ಎಂದ. ಈ ಮನುಷ್ಯನಿಗೆ ಇಷ್ಟೂ ಅನುಮಾನ ಬರುವುದಿಲ್ಲವಲ್ಲ, ಎಂಥ ದಡ್ಡ ಎಂದು ಅವಳಿಗೆ ಸಿಟ್ಟೂ ಬಂತು, ಸದ್ಯ ಬದುಕಿದೆನಲ್ಲ ಎಂದು ನಿರಾಳವೂ ಆಯಿತು.

ಅಂಗಡಿಗೆ ರಜೆಯಿದ್ದ ದಿನ ಸಲೂನಿನವನು ಮನೆಗೇ ಬಂದ. ಬಾಗಿಲಲ್ಲಿ ನಿಂತು ಎರಡೂ ಅಂಗೈ ತೋರಿಸಿ, "ತೊಳ್ಕೊಂಡೇ ಬಂದಿದ್ದೀನಿ" ಎಂದ. ತೊಟ್ಟಿಯ ಮುಂದೆ ಕೂತು ಅವಳ ಹಾಳೆ ಓದಿದ. ನಿಮಿಷಕ್ಕೆ ನೂರ ಮೂವತ್ತಿದ್ದದ್ದು ನೂರ ಹತ್ತಕ್ಕೆ ಬಂದಿತ್ತು. ಹುಷಾರಾಗ್ತಾರೆ ಎಂದು ಅವನು ಹೇಳಲಿಲ್ಲ, ನೋಡೋಣ ಎಂದಷ್ಟೇ ಹೇಳಿ ಟೀ ಕುಡಿದು ಹೋದ.

ಎರಡು ದಿನ ಕಳೆದು, ವಾಚ್‌ಮನ್ ಮತ್ತೆ ಗಸ್ತಿಗಿಳಿದ. ಕರಗಿದ ಗಿಡದ ಬುಡದಿಂದ ಉಗುರಿನಷ್ಟು ಹಸಿರು ಚಿಗುರು ಎದ್ದಿತು. ಅದರ ಮರುದಿನ ಅವಳು ಒಂದೇ ಒಂದು ಆಹಾರದ ಚೂರನ್ನು ಬೆರಳ ತುದಿಯಲ್ಲಿ ನೀರಿಗೆ ಮುಟ್ಟಿಸಿದಳು. ಮೇಷ್ಟ್ರು ಮೂಲೆಯಿಂದ ಹೊರಟು, ಅರ್ಧ ದಾರಿಯಲ್ಲಿ ನಿಂತು ಯೋಚಿಸಿ, ಮೇಲೆ ಬಂದು ಅದನ್ನು ಗುಳುಂ ಮಾಡಿದರು. ಬಿಸಿನೀರಕ್ಕ ಅಲ್ಲೇ ಕೂತು ಅತ್ತುಬಿಟ್ಟಳು. ಆಮೇಲೆ ಮುಖ ತೊಳೆದುಕೊಂಡು ಸಲೂನಿಗೆ ಹೋಗಿ, ಬಾಗಿಲಲ್ಲೇ ನಿಂತು, "ತಿಂದ್ರು!" ಎಂದು ಕೂಗಿದಳು. ಒಳಗಿದ್ದ ನಾಲ್ವರು ಗಿರಾಕಿಗಳೂ ಯಾರು ಏನು ಎಂದು ಗೊತ್ತಿಲ್ಲದೆಯೇ ಸಂತೋಷಪಟ್ಟರು.

ಇಪ್ಪತ್ತನೆಯ ದಿನ ಗಂಡ ಬಂದ. ಅವನು ಶೂ ಬಿಚ್ಚುವ ಮೊದಲೇ ಅವಳು ಬಾಗಿಲಿಗೆ ಅಡ್ಡ ನಿಂತು ಶುರು ಮಾಡಿದಳು.

"ಒಳಗೆ ಬರೋ ಮುಂಚೆ ಕೇಳಿಸ್ಕೊಳ್ಳಿ. ನಾನು ತೊಟ್ಟಿ ಪೂರ್ತಿ ಕುದಿಸ್ಬಿಟ್ಟೆ. ಒಂದು ಪಟ್ಟೆಮೀನು ಸತ್ತೋಯ್ತು. ಮೇಷ್ಟ್ರೂ ಹೋಗೋ ಹಾಗಾಗಿದ್ರು, ಉಳ್ಕೊಂಡ್ರು. ನಿಮಗೆ ಫೋನಲ್ಲಿ ಸುಳ್ಳು ಹೇಳ್ದೆ."

"ಗೊತ್ತು" ಎಂದ ಗಂಡ.

"ಏನ್ ಗೊತ್ತು? ಸಲೂನಿನವನು ಹೇಳಿದ್ನಾ?"

"ಯಾರೂ ಹೇಳ್ಲಿಲ್ಲ. ಎರಡನೇ ಏರ್ ಪಂಪ್ ಯಾರಾದ್ರೂ ಸುಮ್ನೆ ಕೇಳ್ತಾರೇನೇ?"

"ಗೊತ್ತಿದ್ರೆ ಯಾಕೆ ಸುಮ್ನಿದ್ರಿ? ನಿಮ್ಮ ಮೇಷ್ಟ್ರು ಅಲ್ಲಿ ಸಾಯ್ತಿದ್ರು ಕಣ್ರೀ! ಹೀಗ್ಮಾಡು ಹಾಗ್ಮಾಡು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

ಅವನು ಟೂಲ್‌ಬಾಕ್ಸ್ ಕೆಳಗಿಟ್ಟು ಬಗ್ಗಿ ಶೂ ಬಿಚ್ಚತೊಡಗಿದ. ಮಾತು ಹುಡುಕುವುದು ಅವನಿಗೆ ಯಾವಾಗಲೂ ಲಿಫ್ಟ್ ರಿಪೇರಿಗಿಂತ ಕಷ್ಟ.

"ಹೇಳೋಣ ಅಂತಾನೇ ಇದ್ದೆ. ಅವತ್ತು ಫೋನಲ್ಲಿ ನೀನು ಏರ್ ಪಂಪ್ ಎಲ್ಲಿ ಅಂತ ಕೇಳ್ದೆ ನೋಡು, ಎರಡು ತಿಂಗಳಾದ್ಮೇಲೆ ಮೊದಲ್ನೇ ಸಲ ಅದು ನಿನ್ನ ದನಿ ಆಗಿತ್ತು. ಡ್ಯೂಟಿ ದನಿ. ನಾನು ಬಾಯಿ ಹಾಕಿದ್ರೆ ಎಲ್ಲಿ ನನಗೇ ಬಿಟ್ಟು ಮತ್ತೆ ಕಿಟಕಿ ಹತ್ರ ಹೋಗಿ ಕೂತ್ಬಿಡ್ತೀಯೋ ಅಂತ ಭಯ ಆಯ್ತು."

"ಮೇಷ್ಟ್ರು ಹೋಗಿದ್ರೆ?"

"ಹೋಗಿದ್ರೆ ಅಳ್ತಿದ್ದೆ" ಎಂದ ಅವನು. "ಒಂಬತ್ತು ವರ್ಷ ಸಾಕಿದ್ದೀನಿ. ಆದ್ರೂ ಸುಮ್ನೇ ಇರ್ತಿದ್ದೆ."

ಅವಳಿಗೆ ಬೈಯಬೇಕೆನಿಸಿತು. ಆದರೆ ಬೈಯಲಿಲ್ಲ. ಅಷ್ಟು ದಿನವೂ ಈ ಮನುಷ್ಯ ದಡ್ಡನಂತೆ ಫೋನು ಮಾಡಿ, ತನ್ನ ಮೀನುಗಳ ಜೀವವನ್ನು ಅವಳ ಕೈಯಲ್ಲಿ ಬಿಟ್ಟು ಸುಮ್ಮನಿದ್ದ. ಬಾಗಿಲಿನಿಂದ ಸರಿದು ದಾರಿ ಬಿಟ್ಟಳು.

ಅವನು ತೊಟ್ಟಿಯ ಮುಂದೆ ನಿಂತು ಒಂದೊಂದನ್ನೇ ನೋಡಿದ. ಗಾಜಿನ ಮೂಲೆಗಳಲ್ಲಿ ಕಂದು ಲೋಳೆ ಚೆನ್ನಾಗಿ ಹಿಡಿದಿತ್ತು. ಅಭ್ಯಾಸಬಲದಿಂದ ತೋಳು ಮಡಚಿ, ಬಾಡಿದ ಎಲೆಯೊಂದನ್ನು ಕೀಳಲು ನೀರಿಗೆ ಕೈ ಚಾಚಿದ.

"ಹೂಂ ಹೂಂ, ಕೈ ತೆಗೀರಿ!" ಹಿಂದಿನಿಂದ ಬಂದ ದನಿಗೆ ಅವನ ಕೈ ಅಲ್ಲೇ ನಿಂತಿತು. "ಅದನ್ನ ನಾಳೆ ಬೆಳಿಗ್ಗೆ ನಾನು ತೆಗೀತೀನಿ. ಇವರೆಲ್ಲ ಈಗ ನನ್ನ ಕೈಕೆಳಗಿದ್ದಾರೆ. ನೀವು ಕೂತ್ಕೊಂಡು ನೋಡಿ."

ಅವನು ತಿರುಗಿ ನೋಡಿದ. ಅಡುಗೆಮನೆಯಿಂದ ಅವಳು ಇನ್ನೊಂದು ಕುರ್ಚಿ ಹೊತ್ತು ತರುತ್ತಿದ್ದಳು.